ಗ್ರಾಮಸಭೆಯನ್ನು ನೇರ ಪ್ರಜಾಪ್ರಭುತ್ವವೆಂದು ಅಧ್ಯಯನ ಮಾಡಬಹುದೇ?

ಮಾನ್ಯರೇ, ಕಾಸರಗೋಡಿನ ಗ್ರಾಮಸಭೆಗಳನ್ನು ಸ್ವಿಟ್ಜರ್ಲೆಂಡಿನ ಜನಮತಗಣನೆಯೊಂದಿಗೆ ಹೋಲಿಸಿ ಸಂಶೋಧನೆ ನಡೆಸಬಹುದೇ ಎಂದು ಕೇಳಿದ್ದೀರಿ. ನಡೆಸಬಹುದು, ಆದರೆ ಎರಡರ ಅಧಿಕಾರ ಒಂದೇ ಬಗೆಯದಲ್ಲ. ಅಲ್ಲಿ 100 ದಿನಗಳೊಳಗೆ 50,000 ಸಹಿಗಳು ಸಂಗ್ರಹವಾದರೆ ಸಂಸತ್ತು ಅಂಗೀಕರಿಸಿದ ಕಾನೂನೇ ಜನರ ಮತಕ್ಕೆ ಬರುತ್ತದೆ, ಆ ತೀರ್ಪಿಗೆ ಸರಕಾರ ಬದ್ಧವಾಗಿರಬೇಕಾಗುತ್ತದೆ. ಕೇರಳದ 1994ರ ಪಂಚಾಯತ್ ರಾಜ್ ಕಾಯ್ದೆಯಂತೆ ಮೂರು ತಿಂಗಳಿಗೊಮ್ಮೆಯಾದರೂ ವಾರ್ಡು ಮಟ್ಟದಲ್ಲಿ ಸೇರಬೇಕಾದ ನಮ್ಮ ಗ್ರಾಮಸಭೆಯಾದರೋ ಮುಖ್ಯವಾಗಿ ಬೇಡಿಕೆಗಳನ್ನು ಚರ್ಚಿಸಿ, ಫಲಾನುಭವಿಗಳ ಆದ್ಯತಾಪಟ್ಟಿಯನ್ನು ಸಿದ್ಧಪಡಿಸುತ್ತದೆ. ಆದುದರಿಂದ 1996ರಲ್ಲಿ ಕೇರಳದಲ್ಲಿ ಆರಂಭವಾದ ಜನಕೀಯ ಯೋಜನೆಯ (ಸ್ಥಳೀಯ ಯೋಜನೆಗಳನ್ನು ಜನರ ಪಾಲ್ಗೊಳ್ಳುವಿಕೆಯಿಂದ ರೂಪಿಸುವ ಅಭಿಯಾನ) ಹಿನ್ನೆಲೆಯಲ್ಲಿ ಇದನ್ನು ಜನರೇ ನೇರವಾಗಿ ತೀರ್ಮಾನಿಸುವ ನೇರ ಪ್ರಜಾಪ್ರಭುತ್ವವೆನ್ನುವುದಕ್ಕಿಂತ ನಾಗರಿಕ ಸಹಭಾಗಿತ್ವವೆಂದು ನೋಡುವುದೇ ಸೂಕ್ತವೆಂದು ನನ್ನ ಅಭಿಪ್ರಾಯ. ಹಾಜರಿ ಪುಸ್ತಕದ ಸಹಿಗಳನ್ನಷ್ಟೇ ಎಣಿಸಬೇಡಿ (ಸಹಿ ಹಾಕಿ ಹೊರಡುವವರು ಎಲ್ಲ ಕಡೆಯೂ ಇದ್ದಾರೆ). ಮಂಜೇಶ್ವರ, ಕುಂಬಳೆಯಂತಹ ಪಂಚಾಯತುಗಳಲ್ಲಿ ತುಳುವಿನಲ್ಲೋ ಕನ್ನಡದಲ್ಲೋ ಎದ್ದ ಬೇಡಿಕೆಯು ನಡಾವಳಿ ಪುಸ್ತಕದಲ್ಲಿ ಯಾವ ಭಾಷೆಯಲ್ಲಿ, ಯಾವ ರೂಪದಲ್ಲಿ ದಾಖಲಾಗುತ್ತದೆ ಎಂಬುದನ್ನು ಸಭೆಯಲ್ಲಿ ಕುಳಿತೇ ಗುರುತಿಸಿಕೊಳ್ಳಿ.