ಟಿಬಿ ತಡೆಯುವುದರಲ್ಲಿ ಫ್ಯಾಮಿಲಿ ಡಾಕ್ಟರ್ ಪಾತ್ರ ಏನು?

ತುಂಬಾ ದೊಡ್ಡದು. ಕೊಡಗಿನಲ್ಲಿ ಮಳೆಗಾಲದ ಕೆಮ್ಮು ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಜಾಸ್ತಿಯಾದರೆ ಕಾಫಿ ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲು ಮನೆಗಳಲ್ಲಿ) ಇರುವವರು ಮೊದಲು ಹೋಗುವುದು ಪೇಟೆಯ ಪರಿಚಯದ ಡಾಕ್ಟರ್ ಹತ್ತಿರವೇ, ಅಲ್ವಾ? ಎರಡು ವಾರ ದಾಟಿದ ಕೆಮ್ಮಿಗೆ ಅವರು ಸುಮ್ನೆ ಸಿರಪ್ ಬರೆಯದೆ ಕಫ ಪರೀಕ್ಷೆಗೆ ಕಳಿಸಬೇಕು. ಲಿವೊಫ್ಲಾಕ್ಸಾಸಿನ್ ತರಹದ ಆ್ಯಂಟಿಬಯೋಟಿಕ್ ಕೊಟ್ಟರಂತೂ ಸ್ವಲ್ಪ ದಿನ ಗುಣವಾದಂತೆ ಕಂಡು ಕಾಯಿಲೆ ಪತ್ತೆಯಾಗುವುದೇ ತಡವಾಗಬಹುದು, ಅಷ್ಟರಲ್ಲಿ ಅದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೂ ಹರಡಬಹುದು. ನನಗೆ ಭಯ ಇರುವುದು ಇಲ್ಲೇ.

ಟಿಬಿ ಅಂತ ಗೊತ್ತಾದರೆ ಖಾಸಗಿ ಡಾಕ್ಟರೂ ಸರ್ಕಾರಕ್ಕೆ ತಿಳಿಸಲೇಬೇಕು, 2012ರಿಂದ ಇದು ಕಡ್ಡಾಯ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ಸಾಮಾನ್ಯವಾಗಿ 6 ತಿಂಗಳು. ಹುಷಾರಾದೆ ಅಂತ ನಡುವೆ ಬಿಟ್ಟವರನ್ನು ಹೆಸರು ಹಿಡಿದು ಕರೆದು, ಮನೆಯವರನ್ನೂ ಪರೀಕ್ಷೆಗೆ ಕಳಿಸಲು ಫ್ಯಾಮಿಲಿ ಡಾಕ್ಟರಷ್ಟು ಸುಲಭವಾಗಿ ಬೇರೆಯವರಿಗೆ ಆಗುವುದಿಲ್ಲ.