ಮೊಬೈಲ್ ಆ್ಯಪ್ ಡಿಸೈನ್‌ಗೆ ಯಾವ ಟೂಲ್ ಕಲಿಯಲಿ?

ಪ್ರಶ್ನೆ: ನಾನು ವಿಜಯಪುರದಲ್ಲಿ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇನೆ. ನಮ್ಮದು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಯುವ ಮನೆತನ. ಒಣದ್ರಾಕ್ಷಿ ದರ, ಕೋಲ್ಡ್ ಸ್ಟೋರೇಜ್ ಲೆಕ್ಕ ತೋರಿಸುವ ಕನ್ನಡ ಆ್ಯಪ್ ಮಾಡಬೇಕು ಅಂತಿದೆ. ಪರದೆಗಳ ಡಿಸೈನ್‌ಗೆ ಒಬ್ಬೊಬ್ಬರು ಒಂದೊಂದು ಟೂಲ್ ಹೇಳುತ್ತಾರೆ. ನನ್ನದು 4 ಜಿಬಿ ರ‍್ಯಾಮ್ ಇರುವ ವಿಂಡೋಸ್ ಲ್ಯಾಪ್‌ಟಾಪ್. ದುಡ್ಡು ಕೊಡುವ ಟೂಲ್ ಆಗಲ್ಲ. ಏನು ಮಾಡಲಿ?

ಉತ್ತರ: ಫಿಗ್ಮಾ ಕಲಿಯಿರಿ. ಬ್ರೌಸರ್‌ನಲ್ಲೇ ನಡೆಯುತ್ತದೆ, ನಿಮ್ಮ ಕೆಲಸಕ್ಕೆ ಉಚಿತ ಖಾತೆ ಸಾಕು, ವಿದ್ಯಾರ್ಥಿಗಳಿಗೆ ಬೇರೆ ಉಚಿತ ಪ್ಲ್ಯಾನೂ ಇದೆ. 4 ಜಿಬಿಯಲ್ಲಿ ಬೇರೆ ಟ್ಯಾಬ್‌ಗಳನ್ನೆಲ್ಲ ಮುಚ್ಚಿ, ಒಂದೇ ಫೈಲಿಗೆ ದೊಡ್ಡ ದೊಡ್ಡ ಫೋಟೊ ತುಂಬದೆ ಇಟ್ಟುಕೊಂಡರೆ ನಡೆಯುತ್ತದೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಕೆಚ್‌ನಲ್ಲಿ ಡಿಸೈನ್ ಮಾಡಲು ಮ್ಯಾಕ್ ಬೇಕು, ನಿಮಗಲ್ಲ. ಅಡೋಬ್ ಎಕ್ಸ್‌ಡಿಗೆ ಹೊಸದೇನೂ ಸೇರುತ್ತಿಲ್ಲ, ಹಳೆ ವಿಡಿಯೊ ನೋಡಿ ಅದರ ಹಿಂದೆ ಹೋಗಬೇಡಿ. ಇನ್‌ವಿಷನ್ 2024ರ ಕೊನೆಗೆ ಮುಚ್ಚಿಯೇ ಹೋಯಿತು. ಹೀಗೆ ಕಂಪನಿ ಮುಚ್ಚಿದರೆ ನಮ್ಮ ಕೆಲಸದ ಗತಿ ಏನು ಅನ್ನುವ ಚಿಂತೆ ಇದ್ದರೆ ಪೆನ್‌ಪಾಟ್ ನೋಡಿ. ಅದು ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ, ಬೇಕಾದರೆ ನಿಮ್ಮ ಕಾಲೇಜಿನ ಸರ್ವರ್‌ನಲ್ಲೇ ಹಾಕಿಕೊಳ್ಳಬಹುದು. ನನಗೆ ಅದು ಇಷ್ಟ. ಆದರೆ ಕಲಿಯುವಾಗ ಸಿಗುವ ಪಾಠ, ರೆಡಿ ಕಿಟ್ (ಮೊದಲೇ ಮಾಡಿಟ್ಟ ಬಟನ್, ಮೆನುಗಳ ಕಟ್ಟು) ಫಿಗ್ಮಾಕ್ಕೇ ಜಾಸ್ತಿ, ಕೆಲಸಕ್ಕೆ ಹೋದಾಗಲೂ ಹೆಚ್ಚಾಗಿ ಅದನ್ನೇ ಕೇಳುತ್ತಾರೆ.

ಮೊದಲ ವಾರ ಫಿಗ್ಮಾ ತೆರೆಯಲೇಬೇಡಿ. ಪೆನ್ನು, ಹಾಳೆ ಸಾಕು. ರೈತ ಆ್ಯಪ್ ತೆರೆದ ಕೂಡಲೇ ಏನು ನೋಡಬೇಕು? ಇವತ್ತಿನ ದರ, ಅಲ್ವಾ? ಹಾಗಾದರೆ ಅದು ಮೊದಲ ಪರದೆಯಲ್ಲೇ ದೊಡ್ಡದಾಗಿ ಇರಬೇಕು. ಲಾಗಿನ್, ಸ್ವಾಗತ, ಜಾಹೀರಾತು ದಾಟಿ ಬರುವ ಹಾಗೆ ಇರಬಾರದು. ಈ ಜೋಡಣೆ ಹಾಳೆಯಲ್ಲಿ ಗಟ್ಟಿಯಾದ ಮೇಲೆ ಫಿಗ್ಮಾದಲ್ಲಿ 360 ಅಗಲ, 800 ಎತ್ತರದ ಫ್ರೇಮ್ (ಒಂದು ಫೋನ್ ಪರದೆಯ ಚೌಕಟ್ಟು) ಇಟ್ಟುಕೊಂಡು ಶುರು ಮಾಡಿ. ಗೂಗಲ್‌ನ ಮಟೀರಿಯಲ್ ಡಿಸೈನ್ ಕಿಟ್ ಫಿಗ್ಮಾ ಕಮ್ಯುನಿಟಿಯಲ್ಲಿ ಪುಕ್ಕಟೆ ಸಿಗುತ್ತದೆ, ಬಟನ್ನು, ಮೆನು ಎಲ್ಲ ಅದರಿಂದಲೇ ತೆಗೆದುಕೊಳ್ಳಿ. ಬೆರಳಿಟ್ಟು ಒತ್ತುವ ಜಾಗ ಕನಿಷ್ಠ 48 ಡಿಪಿ (ಆಂಡ್ರಾಯ್ಡ್ ಪರದೆಯಲ್ಲಿ ಬಳಸುವ ಅಳತೆ) ಇರಲಿ ಅಂತ ಗೂಗಲ್ ಹೇಳುತ್ತದೆ, ತೋಟದ ಕೆಲಸ ಮಾಡುವ ಕೈಗೆ ಇನ್ನೂ ಸ್ವಲ್ಪ ದೊಡ್ಡದಿದ್ದರೆ ಒಳ್ಳೆಯದು.

ಕನ್ನಡದ ಆ್ಯಪ್‌ಗಳು ಕೆಡುವುದು ಹೆಚ್ಚಾಗಿ ಅಕ್ಷರದಲ್ಲಿ. ಇಂಗ್ಲಿಷ್‌ನಲ್ಲಿ ಡಿಸೈನ್ ಮಾಡಿ ಕೊನೆಗೆ ಕನ್ನಡ ತುರುಕಿದರೆ ಬಟನ್ ಒಡೆಯುತ್ತದೆ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ ಅಥವಾ ಅರ್ಧ ಕತ್ತರಿಸಿ ಹೋಗುತ್ತದೆ. ಅದಕ್ಕೆ ಮೊದಲ ದಿನದಿಂದಲೇ ಕನ್ನಡದಲ್ಲೇ ಬರೆಯಿರಿ. ನೋಟೊ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಫಾಂಟ್ ಬಳಸಿ, ಎರಡೂ ಗೂಗಲ್ ಫಾಂಟ್ಸ್‌ನಲ್ಲಿವೆ. ಸಾಲಿನ ಎತ್ತರ ಶೇ 150ರ ಹತ್ತಿರ ಇಟ್ಟು ನೋಡಿ. 'ಕೋಲ್ಡ್ ಸ್ಟೋರೇಜ್ ಬಾಡಿಗೆ' ಅಂತ ಉದ್ದದ ಮಾತು ಬಂದರೆ ಬಟನ್ ತಾನೇ ಬೆಳೆಯಬೇಕು, ಅದಕ್ಕೆ ಆಟೊ ಲೇಔಟ್ ಕಲಿಯಿರಿ. ಫಿಗ್ಮಾದಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಇನ್ನೊಂದು, ಡಿಟಿಪಿ ಅಂಗಡಿಯಿಂದ ಹಳೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯ ತಂದು ಅಂಟಿಸಿದರೆ ಗೀಚಿದ ಹಾಗೆ ಕಾಣುತ್ತದೆ, ಯುನಿಕೋಡ್‌ಗೆ ಬದಲಾಯಿಸಿಯೇ ಹಾಕಿ.

ಲ್ಯಾಪ್‌ಟಾಪ್ ಪರದೆಯಲ್ಲಿ ಚೆಂದ ಕಂಡದ್ದನ್ನು ಸುಮ್ನೆ ನಂಬಬೇಡಿ. ಫೋನಿಗೆ ಫಿಗ್ಮಾ ಆ್ಯಪ್ ಹಾಕಿಕೊಂಡರೆ ನೀವು ಆಯ್ಕೆ ಮಾಡಿದ ಫ್ರೇಮ್ ಅಲ್ಲೇ ಕಾಣುತ್ತದೆ. ಅದನ್ನು ಹಿಡಿದು ಮಧ್ಯಾಹ್ನದ ಬಿಸಿಲಿಗೆ ಒಣಗಿಸುವ ಶೆಡ್ ಹತ್ತಿರ ಹೋಗಿ. ಬಿಳಿ ಮೇಲೆ ತಿಳಿ ಬೂದು ಅಕ್ಷರ ಅಲ್ಲಿ ಕಾಣುವುದೇ ಇಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) 4.5:1ಕ್ಕಿಂತ ಕಡಿಮೆ ಆಗದಿರಲಿ, ಇದನ್ನು ಲೆಕ್ಕ ಹಾಕುವ, ಫಿಗ್ಮಾಕ್ಕೆ ಸೇರಿಸಿಕೊಳ್ಳುವ ಪ್ಲಗಿನ್‌ಗಳಿವೆ. ವಯಸ್ಸಾದವರು ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ, ಆಂಡ್ರಾಯ್ಡ್ 14ರಲ್ಲಂತೂ ಶೇ 200ರವರೆಗೆ ಹೋಗುತ್ತದೆ. ಆಗಲೂ ದರದ ಅಂಕಿ ಮುರಿಯದೆ ಒಂದೇ ಸಾಲಿನಲ್ಲಿ ನಿಲ್ಲುತ್ತದಾ ನೋಡಿ.

ಪರದೆಗಳನ್ನು ಜೋಡಿಸಿ ಪ್ರೋಟೊಟೈಪ್ (ಒತ್ತಿ ನೋಡಬಹುದಾದ ಮಾದರಿ) ಮಾಡಿದ ಮೇಲೆ ನಿಮ್ಮ ಅಪ್ಪಾಜಿ, ಕಾಕಾ, ಪಕ್ಕದ ತೋಟದವರ ಕೈಗೆ ಕೊಡಿ. 'ನಿನ್ನೆಯ ದರ ಹುಡುಕಿ' ಅಂತಷ್ಟೇ ಹೇಳಿ, ಎಲ್ಲಿ ಒತ್ತಬೇಕು ಅಂತ ಹೇಳಿಕೊಡಬೇಡಿ. ಅವರು ತಡವರಿಸಿದ ಜಾಗ ಬರೆದುಕೊಂಡು ಅಲ್ಲಿ ತಿದ್ದಿ. ಕೋಡ್‌ಗೆ ಫ್ಲಟರ್ ಬೇಕಾ, ಆಂಡ್ರಾಯ್ಡ್ ಸ್ಟುಡಿಯೊ ಬೇಕಾ ಅನ್ನುವುದನ್ನು ಇದೆಲ್ಲ ಆದ ಮೇಲೆ ಯೋಚಿಸಿದರೆ ಸಾಕು.