ಗಂಜ್‌ನ ಮಾತುಕತೆ ರೆಕಾರ್ಡ್ ಮಾಡಿ ಏನನ್ನು ಅಳೆಯಬೇಕು? ‘ಶೇ. 93 ಹಾವಭಾವ’ ನಿಜವೇ?

ನೀವು ಕೇಳಿದ್ದು ಮುಖ್ಯವಾಗಿ ಎರಡು. ‘ಸಂವಹನದಲ್ಲಿ ಶೇ. 93 ಹಾವಭಾವವೇ’ ಅಂತ ಎಂ.ಎ. ಕಿರುಪ್ರಬಂಧದಲ್ಲಿ ಬರೆಯಬಹುದಾ? ಕಲಬುರಗಿ ಗಂಜ್‌ನ (ಧಾನ್ಯದ ಮಾರುಕಟ್ಟೆ) ಅಡತ್ (ದಲಾಲಿ) ಅಂಗಡಿಯಲ್ಲಿ ರೈತ-ಸಾವ್ಕಾರರ ಮಾತನ್ನು ರೆಕಾರ್ಡ್ ಮಾಡಿದರೆ ಅದರಲ್ಲಿ ಏನನ್ನು ಅಳೆಯಬೇಕು?

ಮೊದಲನೆಯದಕ್ಕೆ ಉತ್ತರ: ಬರೆಯಬೇಡಿ. ಆ ಲೆಕ್ಕ ಹುಟ್ಟಿದ್ದು ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಜೊತೆಗಾರರ 1967ರ ಎರಡು ಪ್ರಯೋಗಗಳಲ್ಲಿ. ಒಂದರಲ್ಲಿ ಒಂಬತ್ತು ಬಿಡಿ ಇಂಗ್ಲಿಷ್ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು. ಇನ್ನೊಂದರಲ್ಲಿ ‘ಮೇಬಿ’ (ಇರಬಹುದು) ಅನ್ನುವ ಒಂದೇ ಪದದ ಜೊತೆ ಮುಖದ ಫೋಟೊ ತೋರಿಸಿದರು. ಹೇಳುವವರಿಗೆ ಎದುರಿನವರ ಮೇಲೆ ಇಷ್ಟವಿದೆಯೋ ಇಲ್ಲವೋ ಅಂತ ಊಹಿಸುವುದಷ್ಟೇ ಕೆಲಸ. ಎರಡನ್ನೂ ಕೂಡಿಸಿ ಪದಕ್ಕೆ ಶೇ. 7, ದನಿಗೆ 38, ಮುಖಕ್ಕೆ 55 ಅಂತ ಮಾಡಿದರು; ಕೊನೆಯ ಎರಡು ಸೇರಿದರೆ 93. ಇಬ್ಬರು ಕೂತು ಮಾತಾಡಿದ್ದೇ ಅಲ್ಲಿಲ್ಲ. ತೊಗರಿ ಕ್ವಿಂಟಲ್‌ಗೆ ಎಷ್ಟು ಅಂತ ಬರೀ ಹುಬ್ಬು ಕುಣಿಸಿ ಹೇಳಿ ನೋಡಿ, ಆ ಲೆಕ್ಕದ ಗತಿ ತಿಳಿಯುತ್ತದೆ.

ಅಳೆಯುವುದಾದರೆ ಸಮಯ ಅಳೆಯಿರಿ. ಪ್ರಶ್ನೆ ಮುಗಿದ ಕ್ಷಣದಿಂದ ಉತ್ತರ ಶುರುವಾಗುವವರೆಗಿನ ಅಂತರ. 2009ರಲ್ಲಿ ತಾನ್ಯಾ ಸ್ಟೈವರ್ಸ್ ಅನ್ನುವ ಸಂಶೋಧಕಿಯ ತಂಡ ಹತ್ತು ಭಾಷೆಗಳ ಹೌದು-ಅಲ್ಲ ಪ್ರಶ್ನೆಗಳಲ್ಲಿ ಇದನ್ನೇ ಅಳೆಯಿತು. ಒಟ್ಟು ಸರಾಸರಿ ಸುಮಾರು 200 ಮಿಲಿಸೆಕೆಂಡು (0.2 ಸೆಕೆಂಡು). ಜಪಾನಿ ಎಲ್ಲಕ್ಕಿಂತ ಚುರುಕು, ಡೇನಿಶ್ ಎಲ್ಲಕ್ಕಿಂತ ನಿಧಾನ. ತಲೆಯಾಡಿಸುವಂಥ ಕಾಣುವ ಉತ್ತರ ಬರೀ ಮಾತಿಗಿಂತ ಬೇಗ ಬರುತ್ತದೆ, ಒಪ್ಪಿಗೆ ನಿರಾಕರಣೆಗಿಂತ ಬೇಗ ಬರುತ್ತದೆ ಅನ್ನುವುದೂ ಅಲ್ಲೇ ಕಂಡಿತು. ಆ ಹತ್ತರಲ್ಲಿ ಭಾರತದ ಒಂದು ಭಾಷೆಯೂ ಇಲ್ಲ. ಹಾಗಾಗಿ ಆ ಪಟ್ಟಿಯಲ್ಲಿ ನಿಮ್ಮ ಕೆಲಸಕ್ಕೆ ಜಾಗ ಖಾಲಿ ಇದೆ.

ಎಂಥದ್ದನ್ನು ಹುಡುಕಬೇಕು ಅನ್ನುವುದಕ್ಕೆ ಮಾದರಿಗಾಗಿ ಕಟ್ಟಿದ ಒಂದು ತುಣುಕು (ಕಂಸದಲ್ಲಿರುವುದು ಮೌನದ ಸೆಕೆಂಡು):

ರೈತ: ಚೀಲ ಬಿಚ್ಚಿ ತೋರಿಸ್ಲೇನ್ರಿ ಸಾವ್ಕಾರ್ರೀ?
(0.1) ಸಾವ್ಕಾರ ತಲೆ ಓರೆ ಮಾಡುತ್ತಾನೆ.
ರೈತ: ಹ್ವಾದ ವಾರದ ರೇಟಿಗೇ ತಗೋತೀರೇನ್ರಿ?
(0.8) ಸಾವ್ಕಾರ ನೋಟ ತಪ್ಪಿಸಿ ಚೀಲದೊಳಗೆ ಕೈ ಹಾಕುತ್ತಾನೆ.
ಸಾವ್ಕಾರ: ಹಸಿ ಅದ ಮುತ್ಯಾ.

ಮೊದಲ ಪ್ರಶ್ನೆಗೆ ಓರೆಯಾದ ತಲೆಯೇ ‘ಹೂಂ’; ಎರಡನೆಯದಕ್ಕೆ ‘ಇಲ್ಲ’ ಅನ್ನುವ ಮಾತು ಬಂದೇ ಇಲ್ಲ. ಮೌನ, ತಪ್ಪಿದ ನೋಟ, ಚೀಲದೊಳಗಿನ ಕೈ ಮೂರೂ ಸೇರಿ ಅದನ್ನು ಮೊದಲೇ ಹೇಳಿಬಿಟ್ಟಿವೆ, ‘ಹಸಿ ಅದ’ ಅನ್ನುವುದು ಕಾರಣ ಮಾತ್ರ. ಮಾತು ಬೇರೆ, ಮೈ ಬೇರೆ ಅಂತ ಎರಡು ಅಧ್ಯಾಯ ಮಾಡಿದರೆ ಇದು ಕೈ ತಪ್ಪಿ ಹೋಗುತ್ತದೆ.

ಹೆಚ್ಚಿನವರು ಎಡವುವುದು ಪ್ರಶ್ನೆ ಎಲ್ಲಿ ಮುಗಿಯಿತು ಅಂತ ಗುರುತಿಸುವಲ್ಲಿ. ನಮ್ಮ ಕಡೆ ಪ್ರಶ್ನೆಯ ಗುರುತು ಕೊನೆಗೆ ಬರುತ್ತದೆ: ತಗೋತೀರ್ + ಏನ್ + ರಿ. ಅದರ ಬಾಲಕ್ಕೆ ‘ಸಾವ್ಕಾರ್ರೀ’ ಅಂತ ಕರೆಯುವುದೂ ಅಂಟಿಕೊಂಡಿರಬಹುದು. ‘ಏನ್’ ಕೇಳಿದೊಡನೆ ಪ್ರಶ್ನೆ ತಿಳಿದುಹೋಗಿ ‘ರಿ’ ಮೇಲೆಯೇ ಉತ್ತರ ಶುರುವಾದರೆ ಅಂತರ ಮೈನಸ್ ಆಗುತ್ತದೆ. ಅದನ್ನು ಸೊನ್ನೆ ಅಂತ ಬರೆಯಬೇಡಿ, ಮೈನಸ್ ಅಂತಲೇ ಬರೆಯಿರಿ. ‘ರಿ’ ಮುಗಿದಲ್ಲಿ ಒಂದು ಗುರುತು, ಕರೆಯುವ ಪದ ಮುಗಿದಲ್ಲಿ ಇನ್ನೊಂದು ಗುರುತು ಹಾಕಿ. ಯಾವುದರಿಂದ ಎಣಿಸಿದಿರಿ ಅಂತ ಪ್ರಬಂಧದಲ್ಲಿ ಹೇಳಿ. ಗದ್ದ ಮೇಲೆತ್ತಿ ‘ಚ್ಚ್’ ಅಂದರೆ ಅದೂ ‘ಇಲ್ಲ’ ಅನ್ನುವ ಪೂರ್ತಿ ಉತ್ತರವೇ. ಗದ್ದ ಅಲುಗಿದ ಮೊದಲ ಫ್ರೇಮ್ (ವಿಡಿಯೊದ ಒಂದು ಬಿಡಿ ಚಿತ್ರ) ಒಂದು ಕಾಲಂನಲ್ಲಿ, ಸದ್ದು ಶುರುವಾದದ್ದು ಇನ್ನೊಂದರಲ್ಲಿ.

ರೆಕಾರ್ಡಿಂಗ್ ಕೆಟ್ಟರೆ ಇದ್ಯಾವುದೂ ಆಗುವುದಿಲ್ಲ. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಂದು ಫ್ರೇಮಿಗೆ 40 ಮಿಲಿಸೆಕೆಂಡು. 200 ಅಳೆಯಲು ಸಿಗುವುದು ಐದೇ ಫ್ರೇಮ್. 50 ಅಥವಾ 60 ಇಡಿ. ಫೋನ್‌ಗಳು ಮಬ್ಬು ಬೆಳಕಿನಲ್ಲಿ ತಾವಾಗಿಯೇ ಫ್ರೇಮ್ ಕಡಿಮೆ ಮಾಡುತ್ತವೆ, ಆಮೇಲೆ ಸದ್ದು ಒಂದು ಕಡೆ, ತುಟಿ ಒಂದು ಕಡೆ. ಆದ್ದರಿಂದ ಬಾಗಿಲ ಬೆಳಕಿಗೆ ಕೂಡಿಸಿ, ಫೈಲನ್ನು ಮೊದಲು ಸ್ಥಿರ ಫ್ರೇಮ್ ದರಕ್ಕೆ ಬದಲಿಸಿಕೊಳ್ಳಿ. ಟ್ರೈಪಾಡ್ ಎರಡು ಮೀಟರ್ ದೂರ, ಎದೆ ಎತ್ತರ. ಎರಡೂ ಮುಖ, ಕೈಗಳು, ಚೀಲ ಚೌಕಟ್ಟಿನೊಳಗೆ. ಇಬ್ಬರಿಗೂ ಬೇರೆ ಬೇರೆ ಕಾಲರ್ ಮೈಕ್, ಇಲ್ಲದಿದ್ದರೆ ಒಬ್ಬರ ಮೇಲೊಬ್ಬರು ಮಾತಾಡಿದಾಗ ಬಿಡಿಸಲಾಗದು. ಶುರುವಿಗೆ ಒಂದು ಚಪ್ಪಾಳೆ ಹೊಡೆದರೆ ಫೈಲ್‌ಗಳನ್ನು ಕೂಡಿಸಲು ಅನುಕೂಲ. ಫೈಲನ್ನು ವಾಟ್ಸಾಪ್‌ನಲ್ಲಿ ವಿಡಿಯೊ ಅಂತ ಕಳಿಸಬೇಡಿ, ಕುಗ್ಗಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ. ಇನ್ನು ಬೇಸಿಗೆಯ ಕೂಲರ್: ಮಾತಿಗೆ ಮೊದಲು ಎಳೆದುಕೊಳ್ಳುವ ಉಸಿರು, ‘ಚ್ಚ್’ ಎರಡನ್ನೂ ಅದು ನುಂಗಿಹಾಕುತ್ತದೆ. ಏಪ್ರಿಲ್-ಮೇಯಲ್ಲಿ ಕೂಲರ್ ಆರಿಸಿ ಅನ್ನುವ ಧೈರ್ಯ ಯಾರಿಗೂ ಬರುವುದಿಲ್ಲ, ಅದಕ್ಕೆ ತೊಗರಿ ಆವಕದ ಚಳಿ ದಿನಗಳಲ್ಲೇ ಮುಗಿಸಿಕೊಳ್ಳಿ.

ಒಪ್ಪಿಗೆ ಮೊದಲೇ ಪಡೆಯಿರಿ, ಓದಿ ಹೇಳಿ, ಉರ್ದು ಮಾತಾಡುವವರಿಗೆ ಉರ್ದುವಿನಲ್ಲಿ. ಮೊದಲ ಐದು ನಿಮಿಷ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಕ್ಯಾಮೆರಾ ಮುಂದೆ ಎಲ್ಲರೂ ಪುಸ್ತಕದ ಕನ್ನಡ ಆಡುತ್ತಾರೆ.

ಗುರುತು ಹಾಕಲು ನೆದರ್‌ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ‘ಇಲಾನ್’ (ELAN) ತಂತ್ರಾಂಶ ಉಚಿತ. ಮಾತು, ನೋಟ, ತಲೆ, ಕೈ ಅಂತ ಒಬ್ಬೊಬ್ಬರಿಗೆ ನಾಲ್ಕು ಸಾಲು ಸಾಕು. ಮೊದಲ ಸುತ್ತು ಚಿತ್ರ ಮುಚ್ಚಿ ಬರೀ ಸದ್ದು, ಎರಡನೆಯದು ಸದ್ದು ನಿಲ್ಲಿಸಿ ಬರೀ ಚಿತ್ರ. ಎರಡೂ ಒಟ್ಟಿಗೆ ನೋಡಿದರೆ ಮಾತಿನ ಅರ್ಥಕ್ಕೆ ತಕ್ಕಂತೆ ಸನ್ನೆ ಕಂಡುಬಿಡುತ್ತದೆ. ಒಂದು ನಿಮಿಷದ ಮಾತಿಗೆ ಒಂದು ಗಂಟೆ ಹಿಡಿದೀತು. ಹತ್ತರಲ್ಲಿ ಒಂದು ಪಾಲನ್ನು ಇನ್ನೊಬ್ಬರಿಂದ ಗುರುತಿಸಿ ತಾಳೆ ನೋಡಿ.

ದನದ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದನ್ನೂ ಸೇರಿಸಲಾ ಅಂದಿದ್ದೀರಿ. ಈ ಅಳತೆಗೆ ಅದು ಹೊಂದುವುದಿಲ್ಲ, ಕ್ಯಾಮೆರಾಕ್ಕೆ ಸಿಗುವುದು ಟವೆಲ್ ಅಷ್ಟೇ. ಬೇಕೇ ಬೇಕಾದರೆ ವ್ಯಾಪಾರ ಮುಗಿದ ಮೇಲೆ ಇಬ್ಬರನ್ನೂ ಬೇರೆ ಬೇರೆ ಕೂಡಿಸಿ, ಯಾವ ಹಿಡಿತಕ್ಕೆ ಎಷ್ಟು ಅಂತ ಕೇಳಿ ಬರೆದು ಅನುಬಂಧದಲ್ಲಿ ಇಡಿ.